ಇಷ್ಟು ವರ್ಷ ಓಡಿದೆಯಲ್ಲ ಸ್ವಾಮಿ!

ಸಾಫ್ಟ್‌ವೇರ್ ಆಫೀಸುಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತೊಂದಿದೆ. “ಇಷ್ಟು ವರ್ಷ ಓಡಿದೆಯಲ್ಲ, ಈಗ್ಯಾಕೆ ಅದನ್ನ ಮುಟ್ತೀಯಾ?” ಹೇಳುವವರು ಇದನ್ನು ತಲೆ ನರೆತವರ ಅನುಭವದ ಮಾತಿನಂತೆ ಹೇಳುತ್ತಾರೆ. ಕೇಳಿದ ಹುಡುಗರು ತಲೆಯಾಡಿಸಿ ತಮ್ಮ ಸೀಟಿಗೆ ಹೋಗಿ ಕೂರುತ್ತಾರೆ. ನನಗಂತೂ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಸೋಮಾರಿಯಾದ, ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ ಅಂತ ನನ್ನ ವಾದ. ಓಡುತ್ತಿದೆ ಅನ್ನುವುದು ಬೇರೆ, ಸರಿಯಾಗಿದೆ ಅನ್ನುವುದು ಬೇರೆ. ಹಳೆಯದಾಗಿದೆ ಅನ್ನುವುದು ಬೇರೆ, ಯಾರೋ ಕೂತು ಓದಿ ಪರೀಕ್ಷಿಸಿದ್ದಾರೆ ಅನ್ನುವುದು ಬೇರೆ. ಸಾಕ್ಷಿ ಬೇಕೇ? ಆಪರೇಟಿಂಗ್ ಸಿಸ್ಟಮ್‌ಗಳ ಕರ್ನಲ್ ಒಳಗೆ, ಡ್ರೈವರ್‌ಗಳ ಕೋಡ್‌ನಲ್ಲಿ, 8 ವರ್ಷ, 12 ವರ್ಷ, 15 ವರ್ಷ, 16 ವರ್ಷ ಯಾರ ಕಣ್ಣಿಗೂ ಬೀಳದೆ ಹಾಯಾಗಿ ಕೂತಿದ್ದ ಹುಳುಗಳ ಕಥೆ ಕೇಳಿ.

ಮೊದಲು ಟೆಕ್ಕಿಗಳಲ್ಲದ ಗೆಳೆಯರಿಗೆ ಎರಡು ಮಾತು. ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳನ್ನು ಕರ್ನಲ್ ಅನ್ನುತ್ತಾರೆ. ನೀವು ಬಳಸುವ ಬ್ರೌಸರ್, ನುಡಿ, ಬರಹ ಎಲ್ಲವೂ ಅದರ ಮೇಲೆ ಕೂತು ಕೆಲಸ ಮಾಡುತ್ತವೆ. ಇನ್ನು ಪ್ರಿಂಟರ್, ವೈಫೈ, ಕ್ಯಾಮೆರಾ, ಹಾರ್ಡ್ ಡಿಸ್ಕ್ ಇವುಗಳಿಗೆ ಒಂದೊಂದಕ್ಕೂ ಒಂದೊಂದು ಭಾಷೆ. ಆ ಭಾಷೆಗಳು ಕರ್ನಲ್‌ಗೆ ಬರುವುದಿಲ್ಲ. ನಡುವೆ ನಿಂತು ಮಾತನಾಡಿಸುವ ದುಭಾಷಿಯೇ ಡ್ರೈವರ್. ತೊಂದರೆ ಏನೆಂದರೆ ಈ ದುಭಾಷಿ ಬಾಗಿಲ ಹೊರಗೆ ನಿಲ್ಲುವುದಿಲ್ಲ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು, ವಿಂಡೋಸ್‌ನಲ್ಲೂ ಬಹಳಷ್ಟು, ಕರ್ನಲ್‌ನ ಜೊತೆ ದೇವರಕೋಣೆಯಲ್ಲೇ ಕೂರುತ್ತವೆ. ಬ್ರೌಸರ್ ಕೆಟ್ಟರೆ ಬ್ರೌಸರ್ ಮುಚ್ಚಿಹೋಗುತ್ತದೆ, ಮತ್ತೆ ತೆರೆದರಾಯಿತು. ಡ್ರೈವರ್ ಕೆಟ್ಟರೆ ಇಡೀ ಯಂತ್ರವೇ ಮಕಾಡೆ ಮಲಗುತ್ತದೆ. ಇಲ್ಲವೇ, ಅದಕ್ಕಿಂತ ಕೆಟ್ಟದ್ದು, ಯಾರೋ ಕಳ್ಳ ಆ ದುಭಾಷಿಯ ಕಿವಿಯಲ್ಲಿ ಏನೋ ಉಸುರಿ ಇಡೀ ಮನೆಯ ಕೀಲಿಕೈ ಪಡೆದುಬಿಡುತ್ತಾನೆ.

ಮಕಾಡೆ ಮಲಗುವುದು ಹೇಗಿರುತ್ತದೆ ಅಂತ 2024ರ ಜುಲೈ 19ರಂದು ಇಡೀ ಜಗತ್ತು ನೋಡಿತು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ಸಣ್ಣ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಕೊಟ್ಟ ಲೆಕ್ಕದ ಪ್ರಕಾರ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತುಬಿಟ್ಟವು. ನಮ್ಮ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಜನ ಉದ್ದುದ್ದ ಸಾಲಿನಲ್ಲಿ ನಿಂತರು, ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು. ಕಾರಣ? ಕರ್ನಲ್ ಒಳಗಿದ್ದ ಆ ಡ್ರೈವರ್‌ನ ಒಂದು ಭಾಗ 21 ಮೌಲ್ಯಗಳು ಬರುತ್ತವೆಂದು ನಂಬಿತ್ತು, ಅದಕ್ಕೆ ಸಿಗುತ್ತಿದ್ದುದು 20. ಈ ವ್ಯತ್ಯಾಸ ಆ ವರ್ಷದ ಫೆಬ್ರವರಿಯಿಂದಲೇ ಒಳಗಿತ್ತು. ಆದರೆ 21ನೆಯದನ್ನು ನಿಜವಾಗಿ ಓದುವ ಪ್ರಸಂಗ ಜುಲೈವರೆಗೆ ಬಂದಿರಲಿಲ್ಲ. ಅಲ್ಲಿಯವರೆಗೆ ಕೇಳಿದ್ದರೆ ಎಲ್ಲರೂ ಹೇಳುತ್ತಿದ್ದುದು ಅದೇ ಮಾತು: “ಚೆನ್ನಾಗಿ ಓಡ್ತಾ ಇದೆಯಲ್ಲ!”

ಇದು ಐದು ತಿಂಗಳ ಹುಳು. ಇದು ಮಗು. ಈಗ ಹಿರಿಯರ ಹತ್ತಿರ ಹೋಗೋಣ.

ಲಿನಕ್ಸ್‌ನಲ್ಲಿ ಎನ್-ಎಚ್‌ಡಿಎಲ್‌ಸಿ ಅಂತ ಒಂದು ಡ್ರೈವರ್ ಇದೆ. ಸಿಂಕ್‌ಲಿಂಕ್‌ನಂಥ ಸೀರಿಯಲ್ ಕಾರ್ಡ್‌ಗಳಿಗಾಗಿ ಬರೆದದ್ದು. ಇದನ್ನು ಓದುತ್ತಿರುವ ನಿಮ್ಮಲ್ಲಿ ಒಬ್ಬರೂ ಆ ಕಾರ್ಡ್ ಕಣ್ಣಾರೆ ನೋಡಿರಲಿಕ್ಕಿಲ್ಲ. 2009ರ ಜೂನ್ ತಿಂಗಳಲ್ಲಿ ಈ ಡ್ರೈವರ್‌ಗೆ ಒಂದು ಅನುಕೂಲ ಸೇರಿಸಿದರು: ಕಳಿಸಲು ಸಾಲಿನಲ್ಲಿ ಇಟ್ಟಿರುವ ಡೇಟಾವನ್ನು ಬೇಡವೆಂದಾಗ ಖಾಲಿ ಮಾಡುವುದು. ಒಳ್ಳೆಯ ಉದ್ದೇಶವೇ. ಆದರೆ ಒಂದು ಕಡೆ ಡೇಟಾ ಕಳಿಸುವ ಕೆಲಸ ನಡೆಯುತ್ತಿರುವಾಗ ಇನ್ನೊಂದು ಕಡೆ ಖಾಲಿ ಮಾಡುವ ಕೆಲಸವೂ ಶುರುವಾದರೆ, ಇಬ್ಬರೂ ಒಂದೇ ಬಫರನ್ನು “ಇದು ನಂದು, ಮುಗೀತು” ಅಂತ ಖಾಲಿ ಪಟ್ಟಿಗೆ ಸೇರಿಸುತ್ತಿದ್ದರು. ಪಟ್ಟಿಯಲ್ಲಿ ಅದು ಎರಡು ಸಲ ಸೇರಿತು ಅಂದರೆ ಕೊನೆಯಲ್ಲಿ ಅದೇ ಮೆಮೊರಿಯನ್ನು ಎರಡು ಸಲ ಬಿಡುಗಡೆ ಮಾಡಿದಂತೆ. ಒಂದೇ ಸೈಟನ್ನು ಇಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟ ಹಾಗೆ. ಆ ಎರಡನೆಯವನು ಯಾರು ಅನ್ನುವುದರ ಮೇಲೆ ನಿಮ್ಮ ಹಣೆಬರಹ. ಜಾಣ ಕಳ್ಳನಾದರೆ ಸಾಮಾನ್ಯ ಬಳಕೆದಾರನಾಗಿ ಒಳಬಂದವನು ರೂಟ್ ಆಗಿ ಹೊರಬರುತ್ತಾನೆ.

ಈ ಹುಳು ಸಿಕ್ಕಿದ್ದು 2017ರ ಫೆಬ್ರವರಿಯಲ್ಲಿ. ಅಲೆಕ್ಸಾಂಡರ್ ಪೊಪೊವ್ ಎಂಬ ಭದ್ರತಾ ಸಂಶೋಧಕರು ಸಿಝ್‌ಕಾಲರ್ ಎಂಬ ಸಾಧನ ಓಡಿಸುತ್ತಿದ್ದಾಗ ಕರ್ನಲ್ ಕುಸಿಯಿತು, ಅದರ ಬೆನ್ನು ಹತ್ತಿ ಹೋದಾಗ ಇದು ಸಿಕ್ಕಿತು. ಹತ್ತಿರ ಹತ್ತಿರ 8 ವರ್ಷ! ನಮ್ಮಲ್ಲಿ ಆ ಕಾರ್ಡ್ ಇಲ್ಲವಲ್ಲ, ನಮಗೇನು ಅನ್ನಬೇಡಿ. ಪ್ರಮುಖ ಲಿನಕ್ಸ್ ವಿತರಣೆಗಳೆಲ್ಲ ಈ ಡ್ರೈವರನ್ನು ಮಾಡ್ಯೂಲ್ ಆಗಿ ಜೊತೆಗೆ ಕೊಡುತ್ತಿದ್ದವು. ಯಾವ ವಿಶೇಷ ಅಧಿಕಾರವೂ ಇಲ್ಲದ ಬಳಕೆದಾರ ಒಂದು ಹುಸಿ ಟರ್ಮಿನಲ್ ತೆರೆದು “ನನಗೆ ಎಚ್‌ಡಿಎಲ್‌ಸಿ ಬೇಕು” ಅಂದರೆ ಸಾಕು, ಕರ್ನಲ್ ಮರುಮಾತಿಲ್ಲದೆ ಅದನ್ನು ಒಳಗೆ ಕರೆದು ಕೂರಿಸುತ್ತಿತ್ತು. ಕಾರ್ಡ್ ಇದೆಯೋ ಇಲ್ಲವೋ ಕೇಳುವವರಿಲ್ಲ.

ಇನ್ನೊಂದು. ಐ-ಸ್ಕಸಿ ಅಂತ, ನೆಟ್‌ವರ್ಕ್ ಮೂಲಕ ದೂರದ ಡಿಸ್ಕನ್ನು ನಮ್ಮದೇ ಡಿಸ್ಕಿನಂತೆ ಬಳಸುವ ವ್ಯವಸ್ಥೆ. ದೊಡ್ಡ ಡೇಟಾ ಸೆಂಟರ್‌ಗಳ ಸರಕು. ಇದರ ಕರ್ನಲ್ ಕೋಡ್‌ನಲ್ಲಿ 2006ರಿಂದ ಕೂತಿದ್ದ ದೋಷಗಳನ್ನು ಗ್ರಿಮ್ ಎಂಬ ಸಂಸ್ಥೆಯವರು 2021ರ ಮಾರ್ಚ್‌ನಲ್ಲಿ ಬಯಲಿಗಿಟ್ಟರು. 15 ವರ್ಷ. ಮುಖ್ಯ ದೋಷ ಏನು ಗೊತ್ತೇ? ಬಳಕೆದಾರ ಕೊಟ್ಟ ಒಂದು ಅಕ್ಷರಮಾಲೆಯನ್ನು, ಅದರ ಉದ್ದ ನೋಡದೆ ಇಟ್ಟುಕೊಂಡು, ಆಮೇಲೆ ಒಂದು ಪುಟದ, ಅಂದರೆ ಸಾಮಾನ್ಯವಾಗಿ 4096 ಬೈಟ್‌ಗಳ, ಜಾಗಕ್ಕೆ ಎಸ್‌ಪ್ರಿಂಟ್‌ಎಫ್ ಹಾಕಿ ಬರೆಯುವುದು. ಪಾವು ಹಿಡಿಯುವ ಪಾತ್ರೆಗೆ ಸೇರು ಸುರಿದರೆ ಏನಾಗುತ್ತದೆ? ಎಸ್‌ಪ್ರಿಂಟ್‌ಎಫ್ ಬಳಸುವಾಗ ಉದ್ದ ನೋಡಿಕೋ ಅಂತ ಸಿ ಭಾಷೆ ಕಲಿಸುವ ಮೇಷ್ಟ್ರು ಮೊದಲ ಸೆಮಿಸ್ಟರ್‌ನಲ್ಲೇ ಹೇಳುತ್ತಾರೆ. ಇದು ರಾಕೆಟ್ ವಿಜ್ಞಾನವಲ್ಲ ಮಾರಾಯ್ರೆ. ಕಣ್ಣಿದ್ದವರು ಯಾರು ಕೂತು ಓದಿದ್ದರೂ ಸಿಗಬಹುದಾಗಿದ್ದ ತಪ್ಪು. ಆದರೂ 15 ವರ್ಷ. ಇಲ್ಲೂ ಅದೇ ಕಥೆ: ಐ-ಸ್ಕಸಿ ಡಿಸ್ಕೇ ಇಲ್ಲದಿದ್ದರೂ, ಕೆಲವು ಪ್ಯಾಕೇಜ್‌ಗಳು ಇದ್ದ ರೆಡ್ ಹ್ಯಾಟ್ ಬಳಗದ ಸಿಸ್ಟಮ್‌ಗಳಲ್ಲಿ ಸಾಮಾನ್ಯ ಬಳಕೆದಾರನೂ ಈ ಮಾಡ್ಯೂಲನ್ನು ಎಬ್ಬಿಸಬಹುದಿತ್ತು.

ಲಿನಕ್ಸ್‌ನವರ ಮಾತಾಯಿತು, ವಿಂಡೋಸ್ ಬಳಗದವರು ನಗಬೇಡಿ. ಎಲ್ಲರ ಮನೆ ದೋಸೆಯೂ ತೂತೇ. 2021ರ ಜುಲೈನಲ್ಲಿ ಸೆಂಟಿನೆಲ್‌ಒನ್ ಸಂಸ್ಥೆಯವರು ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಪ್ರಿಂಟರ್‌ಗಳ ಜೊತೆ ಬರುತ್ತಿದ್ದ ಒಂದು ಡ್ರೈವರ್‌ನ ದೋಷ ಹೊರಹಾಕಿದರು. 2005ರಿಂದ ಇದ್ದದ್ದು, 16 ವರ್ಷ ವಯಸ್ಸು. ಅಲ್ಲಿ ಬಳಸಿದ್ದು ಸ್ಟ್ರ್‌ಎನ್‌ಕಾಪಿ. ಅಬ್ಬಾ, ಉದ್ದ ನೋಡಿ ನಕಲು ಮಾಡುವ ಸುರಕ್ಷಿತ ವಿಧಾನ ಅಂದುಕೊಂಡಿರಾ? ಆ ಉದ್ದವನ್ನು ಹೇಳುವ ಅಧಿಕಾರವನ್ನೂ ಹೊರಗಿನವನಿಗೇ ಕೊಟ್ಟಿದ್ದರು! ಹುಂಡಿಗೆ ಬೀಗ ಹಾಕಿ ಕೀಲಿಯನ್ನು ಹುಂಡಿಯ ಮೇಲೆ ಇಟ್ಟ ಹಾಗೆ :-) ಪ್ರಿಂಟರ್ ಜೋಡಿಸಿರಲಿ ಬಿಡಲಿ, ಒಮ್ಮೆ ಇನ್‌ಸ್ಟಾಲ್ ಆದಮೇಲೆ ಪ್ರತಿ ಸಲ ಕಂಪ್ಯೂಟರ್ ಶುರುವಾದಾಗಲೂ ಆ ಡ್ರೈವರ್ ಎದ್ದು ಕೂರುತ್ತಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಅದೇ ಸಂಸ್ಥೆಯವರು ಡೆಲ್ ಕಂಪನಿಯ ಫರ್ಮ್‌ವೇರ್ ಅಪ್‌ಡೇಟ್ ಡ್ರೈವರ್‌ನಲ್ಲಿ 2009ರಿಂದ ಇದ್ದ ದೋಷಗಳನ್ನು ತೋರಿಸಿದ್ದರು. ಅದು 12 ವರ್ಷದ್ದು.

ಇನ್ನೂ ಹತ್ತಿರದ್ದು ಬೇಕೆಂದರೆ 2025ರ ಅಕ್ಟೋಬರ್. ಅಗೇರ್ ಎಂಬ ಹಳೆಯ ಫ್ಯಾಕ್ಸ್ ಮೋಡೆಮ್‌ನ ಡ್ರೈವರ್ ವಿಂಡೋಸ್ ಜೊತೆಗೇ ಬರುತ್ತಿತ್ತು. ಫೋನ್ ಲೈನಿನಲ್ಲಿ ಕೀಂ ಕೀಂ ಅನ್ನುತ್ತಿದ್ದ ಆ ಕಾಲದ ಸರಕು. ಅದರಲ್ಲಿ ದೋಷ ಇದೆ, ಕಳ್ಳರು ಅದನ್ನು ಈಗಾಗಲೇ ಬಳಸುತ್ತಿದ್ದಾರೆ, ಮೋಡೆಮ್ ಬಳಕೆಯಲ್ಲಿ ಇಲ್ಲದಿದ್ದರೂ ಅಪಾಯ ತಪ್ಪಿದ್ದಲ್ಲ ಅಂತ ಸ್ವತಃ ಮೈಕ್ರೋಸಾಫ್ಟ್ ಹೇಳಿತು. ರಿಪೇರಿ ಮಾಡುವ ಗೋಜಿಗೆ ಹೋಗದೆ ಆ ಡ್ರೈವರನ್ನೇ ಕಿತ್ತುಹಾಕಿತು. ಒಳ್ಳೆಯದೇ ಮಾಡಿತು. ನನ್ನ ಪ್ರಶ್ನೆ ಇಷ್ಟೇ: ಕಳ್ಳರು ಕಂಡುಹಿಡಿಯುವವರೆಗೆ ಅದು ಯಾಕೆ ಅಲ್ಲೇ ಇತ್ತು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಅಂದರೆ ಇದೇ ಅಲ್ವಾ?

ಈಗ ಬುಡದ ಪ್ರಶ್ನೆಗೆ ಬರೋಣ. ಇಷ್ಟು ವರ್ಷ ಇವು ಯಾಕೆ ಸಿಗಲಿಲ್ಲ?

ಓಪನ್ ಸೋರ್ಸ್ ಬಳಗದಲ್ಲಿ ಲೈನಸ್‌ನ ನಿಯಮ ಅಂತ ಒಂದಿದೆ. ಎರಿಕ್ ರೇಮಂಡ್ 1990ರ ದಶಕದ ಕೊನೆಯಲ್ಲಿ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇಟ್ಟ ಹೆಸರು. ಸಾರಾಂಶ ಇಷ್ಟು: ನೋಡುವ ಕಣ್ಣುಗಳು ಬೇಕಾದಷ್ಟು ಇದ್ದರೆ ಯಾವ ದೋಷವೂ ಆಳದಲ್ಲಿ ಅಡಗಿರಲಾರದು. ನಾವೆಲ್ಲ ಕಾಲೇಜಿನಲ್ಲಿ ಇದನ್ನು ಮಂತ್ರದಂತೆ ಜಪಿಸಿದವರೇ. ಆದರೆ ಈ ನಿಯಮದಲ್ಲಿ ಒಂದು “ರೆ” ಇದೆ ನೋಡಿ. ಕಣ್ಣುಗಳು ಇದ್ದ*ರೆ*. ಯಾರು ಎಣಿಸಿದ್ದಾರೆ?

ಚಿಕ್ಕಂದಿನಲ್ಲಿ ಕೇಳಿದ ಕಥೆ ನೆನಪಿರಬೇಕು. ರಾಜ ಡಂಗುರ ಹೊಡೆಸಿದ: ಊರಿನ ಪ್ರತಿ ಮನೆಯವರೂ ರಾತ್ರಿ ಬಂದು ಅರಮನೆಯ ಕೊಳಕ್ಕೆ ಒಂದೊಂದು ಚೊಂಬು ಹಾಲು ಹಾಕಬೇಕು. ಪ್ರತಿಯೊಬ್ಬನೂ, ಅಷ್ಟೂ ಜನ ಹಾಲು ಹಾಕುತ್ತಾರಲ್ಲ, ನನ್ನದೊಂದು ಚೊಂಬು ನೀರಾದರೆ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡ. ಬೆಳಗಾಗೆದ್ದು ನೋಡಿದರೆ ಕೊಳದ ತುಂಬ ನೀರು! ಡ್ರೈವರ್ ಕೋಡ್‌ನ ಕಥೆಯೂ ಇದೇ. ವಿತರಣೆ ಮಾಡುವವರು ಕರ್ನಲ್ ಬಳಗ ನೋಡಿರುತ್ತದೆ ಅಂದುಕೊಂಡರು. ಕರ್ನಲ್ ಬಳಗ ಆ ಹಾರ್ಡ್‌ವೇರ್ ಕಂಪನಿಯವರು ನೋಡಿರುತ್ತಾರೆ ಅಂದುಕೊಂಡಿತು. ಬಳಕೆದಾರರಂತೂ ಬಿಡಿ, ನಾವು ಆರಾಮಾಗಿ ನಿದ್ದೆ ಹೊಡೆದೆವು. ಕೋಡ್ ಎಲ್ಲರಿಗೂ ತೆರೆದಿದೆ ಅನ್ನುವುದೇ ಯಾರೂ ಓದದಿರಲು ಕಾರಣವಾಯಿತು. ಮುಚ್ಚಿದ ಕೋಡ್‌ನ ಪ್ರಿಂಟರ್ ಡ್ರೈವರನ್ನು ಓದುವ ಅವಕಾಶ ಹೊರಗಿನವರಿಗೆ ಇರಲಿಲ್ಲ. ತೆರೆದ ಕೋಡ್‌ನ ಐ-ಸ್ಕಸಿಯನ್ನು ಓದುವ ಅವಕಾಶ ಎಲ್ಲರಿಗೂ ಇತ್ತು. ಎರಡರ ಹುಳುವಿಗೂ ಹೆಚ್ಚುಕಡಿಮೆ ಒಂದೇ ಆಯಸ್ಸು. ಇದನ್ನು ನಾವು ಓಪನ್ ಸೋರ್ಸ್ ಪ್ರೇಮಿಗಳು ನುಂಗಿಕೊಳ್ಳಲೇಬೇಕು.

ಇದು ನನ್ನ ಸ್ವಂತ ಊಹೆಯೇನಲ್ಲ. 2001ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಲಿನಕ್ಸ್ ಕರ್ನಲ್‌ನ ಹಲವು ಆವೃತ್ತಿಗಳನ್ನು ಯಾಂತ್ರಿಕವಾಗಿ ತಪಾಸಣೆ ಮಾಡಿ ಒಂದು ಪ್ರಬಂಧ ಮಂಡಿಸಿದರು. ಕರ್ನಲ್‌ನ ಉಳಿದ ಭಾಗಕ್ಕೆ ಹೋಲಿಸಿದರೆ ಡ್ರೈವರ್‌ಗಳಲ್ಲಿ ದೋಷದ ಪ್ರಮಾಣ 3ರಿಂದ 7 ಪಟ್ಟಿನವರೆಗೂ ಹೆಚ್ಚು ಅಂತ ಅದರಲ್ಲಿತ್ತು. ಕಾರಣ ಯೋಚಿಸಿದರೆ ಹೊಳೆಯುತ್ತದೆ. ಮೆಮೊರಿ ನಿರ್ವಹಣೆಯ ಕೋಡನ್ನು ಪ್ರತಿ ಯಂತ್ರವೂ ಪ್ರತಿ ಕ್ಷಣ ಓಡಿಸುತ್ತದೆ. ಡ್ರೈವರ್ ಹಾಗಲ್ಲ, ಆ ಹಾರ್ಡ್‌ವೇರ್ ಇದ್ದವನ ಹತ್ತಿರ ಮಾತ್ರ ಓಡುತ್ತದೆ. ಅದರಲ್ಲೂ ತಪ್ಪಾದಾಗ ಏನು ಮಾಡಬೇಕು ಅನ್ನುವ ಸಾಲುಗಳಿರುತ್ತವಲ್ಲ, ಕೇಬಲ್ ಕಿತ್ತುಹೋದರೆ, ಸಾಧನ ಉತ್ತರ ಕೊಡದಿದ್ದರೆ, ಸಾಧನ ಸುಳ್ಳು ಉತ್ತರ ಕೊಟ್ಟರೆ, ಇಂಥವು ಬರೆದ ದಿನದಿಂದ ಒಂದು ಸಲವೂ ಓಡಿರುವುದಿಲ್ಲ. ಹುಳುಗಳ ತವರುಮನೆ ಅದು. 10 ವರ್ಷ ಆದಮೇಲೆ, 2011ರಲ್ಲಿ, ಇನ್ನೊಂದು ತಂಡ ಅದೇ ಪ್ರಯೋಗವನ್ನು ಮತ್ತೆ ಮಾಡಿತು. ಆಗ ದೋಷದ ಪ್ರಮಾಣದಲ್ಲಿ ಡ್ರೈವರ್‌ಗಳಿಗೆ ಮೊದಲ ಸ್ಥಾನ ಇರಲಿಲ್ಲ. ಬೆಳಕು ಬಿದ್ದ ಕಡೆ ಹುಳು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ ಅಂತ ನನಗನ್ನಿಸುತ್ತದೆ. ಹಾಗಂತ ಕಥೆ ಮುಗಿಯಲಿಲ್ಲ. ಇವತ್ತು ಲಿನಕ್ಸ್ ಕರ್ನಲ್‌ನ ಕೋಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೈವರ್‌ಗಳೇ.

ಫ್ಲಾಪಿಯ ಕಥೆ ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಲಿನಕ್ಸ್‌ನ ಫ್ಲಾಪಿ ಡ್ರೈವರ್ 1991ರಷ್ಟು ಹಳೆಯದು, ಲೈನಸ್ ಟೊರ್ವಾಲ್ಡ್ಸ್ ಕೈಯಾರೆ ಶುರುಮಾಡಿದ್ದು. 2019ರ ಜುಲೈನಲ್ಲಿ ಅದನ್ನು ಅಧಿಕೃತವಾಗಿ ಅನಾಥ ಎಂದು ಗುರುತು ಹಾಕಿದರು, ನೋಡಿಕೊಳ್ಳುತ್ತಿದ್ದವರ ಬಳಿ ಕೆಲಸ ಮಾಡುವ ಫ್ಲಾಪಿ ಡ್ರೈವೇ ಉಳಿದಿರಲಿಲ್ಲ. ಅದೇ ಸಮಯದಲ್ಲಿ ಅದರಲ್ಲಿ ದೋಷಗಳು ಸಿಕ್ಕವು. ಬಳಕೆದಾರ ಕೊಟ್ಟ ಅಂಕಿಗಳನ್ನು ಸರಿಯಾಗಿ ಪರೀಕ್ಷಿಸದೆ ಲೆಕ್ಕ ಮಾಡುವುದು, ಸೊನ್ನೆಯಿಂದ ಭಾಗಿಸುವುದು, ಇಂಥವು. ಫ್ಲಾಪಿ ಯಾರ ಹತ್ತಿರ ಇದೆ ಅಂತೀರಾ? ಕಬ್ಬಿಣದ ಫ್ಲಾಪಿ ಇಲ್ಲ, ನಿಜ. ಆದರೆ ಮಾಯಾ ಫ್ಲಾಪಿ ಇದೆ! ಕ್ಯೂಎಮು ಎಂಬ ವರ್ಚುವಲ್ ಯಂತ್ರದ ತಂತ್ರಾಂಶ ತಾನಾಗಿಯೇ ಒಂದು ಫ್ಲಾಪಿ ಸಾಧನ ಸೃಷ್ಟಿಸಿ ಕೊಡುತ್ತಿತ್ತು. ಆ ಮಾಯಾ ಫ್ಲಾಪಿಯ ಕೋಡ್‌ನಲ್ಲೇ 2004ರಿಂದ ಕೂತಿದ್ದ ಒಂದು ದೋಷವನ್ನು 2015ರ ಮೇ ತಿಂಗಳಲ್ಲಿ ಕ್ರೌಡ್‌ಸ್ಟ್ರೈಕ್‌ನ ಸಂಶೋಧಕರೇ ಕಂಡುಹಿಡಿದರು. ವೆನಮ್ ಅಂತ ಹೆಸರಿಟ್ಟರು. (ಹೌದು, ಮೇಲೆ ಹೇಳಿದ ಅದೇ ಕ್ರೌಡ್‌ಸ್ಟ್ರೈಕ್. ಊರಿಗೆಲ್ಲ ವೈದ್ಯ, ಮನೆಯಲ್ಲಿ ಜ್ವರ.) ಬಾಡಿಗೆಯ ವರ್ಚುವಲ್ ಯಂತ್ರದೊಳಗೆ ಕೂತವನು ಗೋಡೆ ಒಡೆದು ಮೂಲ ಯಂತ್ರಕ್ಕೇ ನುಗ್ಗಬಹುದಾಗಿತ್ತು. ಫ್ಲಾಪಿ ಬೇಡ ಅಂತ ಆರಿಸಿದರೂ ಇನ್ನೊಂದು ದೋಷದಿಂದಾಗಿ ಆ ಕೋಡ್ ಒಳಗೇ ಜೀವಂತವಾಗಿರುತ್ತಿತ್ತು. ಫ್ಲಾಪಿ ಸತ್ತು ಎಷ್ಟೋ ವರ್ಷ ಆಗಿತ್ತು, ಅದರ ದೆವ್ವ ಮಾತ್ರ ಕ್ಲೌಡ್‌ನಲ್ಲಿ ಓಡಾಡುತ್ತಿತ್ತು.

ಈಗ ಎದುರು ವಾದಗಳು. ನನಗೆ ಬಂದೇ ಬರುತ್ತವೆ, ನಾನೇ ಹೇಳಿಬಿಡುತ್ತೇನೆ.

ಒಂದು: “ಇವೆಲ್ಲ ಯಂತ್ರದೊಳಗೆ ಈಗಾಗಲೇ ಬಂದವನಿಗೆ ಮಾತ್ರ ಉಪಯೋಗ. ಹೊರಗಿನವನಿಗೆ ಏನೂ ಮಾಡಲಾಗದು.” ಸರಿ, ಆದರೆ ಕಳ್ಳ ಒಂದೇ ನೆಗೆತಕ್ಕೆ ತಿಜೋರಿಗೆ ಬರುವುದಿಲ್ಲ. ಮೊದಲು ಯಾವುದೋ ವೆಬ್‌ಸೈಟಿನ ಸಣ್ಣ ದೋಷದಿಂದ ಜಗಲಿಗೆ ಬರುತ್ತಾನೆ. ಜಗಲಿಯಿಂದ ತಿಜೋರಿಗೆ ಹೋಗಲು ಬೇಕಾದದ್ದೇ ಈ ಡ್ರೈವರ್ ಹುಳು. ಜಗಲಿಗೆ ಬಂದವರೆಲ್ಲ ನೆಂಟರು ಅಂದುಕೊಳ್ಳುವ ಕಾಲ ಹೋಯಿತು.

ಎರಡು: “15 ವರ್ಷ ಯಾರೂ ದುರುಪಯೋಗ ಮಾಡಿಲ್ಲವಲ್ಲ.” ನಿಮಗೆ ಹೇಗೆ ಗೊತ್ತು? ರೂಟ್ ಆದವನು ಮೊದಲು ಮಾಡುವ ಕೆಲಸವೇ ತನ್ನ ಹೆಜ್ಜೆಗುರುತು ಅಳಿಸುವುದು. ದೂರು ಬಂದಿಲ್ಲ ಅನ್ನುವುದರಿಂದ ಕಳ್ಳತನ ಆಗಿಲ್ಲ ಅಂತ ತೀರ್ಮಾನಿಸುವ ಪೊಲೀಸರನ್ನು ನಾವು ಮೆಚ್ಚುತ್ತೇವೆಯೇ?

ಮೂರು, ಇದು ಗಟ್ಟಿಯಾದ ವಾದ: “ಹಳೆಯ ಕೋಡ್ ಮುಟ್ಟಿದರೆ ಹೊಸ ದೋಷ ಬರುತ್ತದೆ.” ಒಪ್ಪುತ್ತೇನೆ. ಎನ್-ಎಚ್‌ಡಿಎಲ್‌ಸಿಯ ಹುಳು ಹುಟ್ಟಿದ್ದೇ 2009ರಲ್ಲಿ ಯಾರೋ ಅದನ್ನು ಮುಟ್ಟಿದ್ದರಿಂದ. ಡರ್ಟಿ ಕೌ ನೆನಪಿದೆಯೇ? ಅದು ಡ್ರೈವರ್ ಅಲ್ಲ, ಮೆಮೊರಿ ನಿರ್ವಹಣೆಯ ದೋಷ, 2016ರ ಅಕ್ಟೋಬರ್‌ನಲ್ಲಿ ಬಯಲಾದದ್ದು. ಟೊರ್ವಾಲ್ಡ್ಸ್ ಅದನ್ನು ಸರಿಪಡಿಸಲು 2005ರಲ್ಲೇ ಕೈಹಾಕಿದ್ದರು, ಐಬಿಎಮ್‌ನ ಎಸ್390 ಯಂತ್ರಗಳಲ್ಲಿ ತೊಂದರೆಯಾಯಿತೆಂದು ಆ ಬದಲಾವಣೆಯನ್ನು ವಾಪಸ್ ತೆಗೆದರು. ಆಮೇಲೆ ಅದು ಹಾಗೇ ಉಳಿಯಿತು, ಹನ್ನೊಂದು ವರ್ಷ. ನೋಡಿ, ಇಲ್ಲಿ ಕಣ್ಣೂ ಇತ್ತು, ತಿಳಿವಳಿಕೆಯೂ ಇತ್ತು. ಇಲ್ಲದಿದ್ದುದು ಮತ್ತೆ ಬಂದು ಮುಗಿಸುವ ವ್ಯವಧಾನ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಕೆದಕಿ ಅಂತ ನಾನು ಹೇಳುತ್ತಿಲ್ಲ. ಓದಿ, ಪರೀಕ್ಷಿಸಿ, ಬೇಡವಾದದ್ದನ್ನು ಕಿತ್ತುಹಾಕಿ, ಬೇಕಾದದ್ದಕ್ಕೆ ಒಬ್ಬ ಹೊಣೆಗಾರನನ್ನು ನೇಮಿಸಿ ಅನ್ನುತ್ತಿದ್ದೇನೆ. ಮುಟ್ಟುವ ಭಯಕ್ಕೆ ಔಷಧ ಮುಟ್ಟದಿರುವುದಲ್ಲ, ಪರೀಕ್ಷೆ.

ಆದರೆ ನಮ್ಮ ಆಫೀಸುಗಳಲ್ಲಿ ಇದಕ್ಕೆ ಬೆಲೆ ಎಲ್ಲಿದೆ? ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿ, ಹೆಸರು ಬೇಡ. ಅಲ್ಲಿನ ಒಂದು ಡ್ರೈವರ್‌ನಲ್ಲಿ ಹೊರಗಿನಿಂದ ಬರುವ ಉದ್ದವನ್ನು ಪರೀಕ್ಷಿಸದೆ ಬಳಸುವ ಜಾಗ ಕಣ್ಣಿಗೆ ಬಿತ್ತು. ನಾಲ್ಕು ಸಾಲಿನ ಬದಲಾವಣೆ ಬರೆದು, ಅದಕ್ಕೊಂದು ಪರೀಕ್ಷೆಯನ್ನೂ ಬರೆದು ಕಳಿಸಿದೆ. ಮೇಲಿನವರು ಕರೆದು ಕೇಳಿದ್ದು ಒಂದೇ ಪ್ರಶ್ನೆ: “ಕಸ್ಟಮರ್ ಕಂಪ್ಲೇಂಟ್ ಇದೆಯಾ?” ಇಲ್ಲ ಸರ್ ಅಂದೆ. “ಹಾಗಾದ್ರೆ ಮುಂದಿನ ರಿಲೀಸ್‌ಗೆ ನೋಡೋಣ ಬಿಡಿ.” ಮುಂದಿನ ರಿಲೀಸ್‌ನಲ್ಲೂ ಅದೇ ಮಾತು. ನಾನು ಆ ಕಂಪನಿ ಬಿಡುವವರೆಗೂ ಆ ನಾಲ್ಕು ಸಾಲು ಸೇರಲಿಲ್ಲ. ಅದೇ ವರ್ಷ ಬೆಂಕಿ ಬಿದ್ದಾಗ ರಾತ್ರಿಯೆಲ್ಲ ಎದ್ದು ಆರಿಸಿದ ಇನ್ನೊಬ್ಬರಿಗೆ ಎಲ್ಲರೆದುರು ಚಪ್ಪಾಳೆ, ಪ್ರಶಸ್ತಿ. ಆ ಗೆಳೆಯರ ಮೇಲೆ ನನಗೆ ಸಿಟ್ಟಿಲ್ಲ, ಅವರು ನಿಜಕ್ಕೂ ದುಡಿದಿದ್ದರು. ಸಿಟ್ಟಿರುವುದು ಲೆಕ್ಕದ ಮೇಲೆ. ಬೆಂಕಿ ಆರಿಸಿದವನಿಗೆ ಬಹುಮಾನ, ಬೆಂಕಿ ಬೀಳದಂತೆ ನೋಡಿಕೊಂಡವನಿಗೆ “ಈ ವರ್ಷ ನಿಮ್ಮ ಸಾಧನೆ ಏನು?” ಅನ್ನುವ ಪ್ರಶ್ನೆ.

ಇದು ಅಮೆರಿಕದಲ್ಲಿ ಯಾರೋ ಮಾಡಬೇಕಾದ ಕೆಲಸ ಅಂದುಕೊಂಡರೆ ತಪ್ಪು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಚಿಪ್ ಕಂಪನಿಗಳು ಒಂದರ ಹಿಂದೊಂದು ಬಂದವು. ಜಗತ್ತಿನ ಫೋನ್, ನೆಟ್‌ವರ್ಕ್ ಸಾಧನಗಳ ಡ್ರೈವರ್ ಕೋಡ್‌ನ ಎಷ್ಟೋ ಸಾಲುಗಳು ಇದೇ ಊರಿನಲ್ಲಿ, ನಮ್ಮ ನಿಮ್ಮಂಥವರ ಕೈಯಲ್ಲಿ ಬರೆಯಲ್ಪಡುತ್ತವೆ. ನಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. 2022ರಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಆರ್ಮ್ ಕಂಪನಿಯ ಮಾಲಿ ಗ್ರಾಫಿಕ್ಸ್ ಡ್ರೈವರ್‌ನಲ್ಲಿ 5 ದೋಷ ಹುಡುಕಿ ಕೊಟ್ಟಿತು. ಆರ್ಮ್ ಜುಲೈ, ಆಗಸ್ಟ್ ತಿಂಗಳಲ್ಲೇ ಸರಿಪಡಿಸಿತು. ನವೆಂಬರ್‌ನಲ್ಲಿ ಆ ತಂಡ ಪರೀಕ್ಷಿಸಿ ನೋಡಿದರೆ ಗೂಗಲ್‌ನ ಸ್ವಂತ ಪಿಕ್ಸೆಲ್ ಸೇರಿ ದೊಡ್ಡ ಬ್ರಾಂಡ್‌ಗಳ ಫೋನ್‌ಗಳಿಗೆ ಆ ರಿಪೇರಿ ತಲುಪಿಯೇ ಇರಲಿಲ್ಲ. ಹುಡುಕಿದ್ದಾಯಿತು, ಸರಿಪಡಿಸಿದ್ದಾಯಿತು, ಬಡಿಸುವವರೇ ಇಲ್ಲ. ಬ್ಯಾಂಕು, ಯುಪಿಐ, ಆಧಾರ್ ಒಟಿಪಿ ಎಲ್ಲ ಅದೇ ಫೋನಿನಲ್ಲಿ ಇಟ್ಟುಕೊಂಡಿರುವ ನಮ್ಮ ಅಪ್ಪ ಅಮ್ಮಂದಿರ ಗತಿ ಏನು?

ನನ್ನ ಮಾತಿನ ತಿರುಳು ಇಲ್ಲಿದೆ. ಹುಳು ಹುಡುಕುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಸಿಝ್‌ಕಾಲರ್‌ನಂಥ ಸಾಧನ ಹಗಲು ರಾತ್ರಿ ಕರ್ನಲ್‌ಗೆ ಅಡ್ಡಾದಿಡ್ಡಿ ಪ್ರಶ್ನೆ ಕೇಳಿ ಕೇಳಿ ಬೀಳಿಸುತ್ತದೆ. ಕೆಎಎಸ್‌ಎಎನ್ ಎಂಬ ಕಾವಲುಗಾರ ಮೆಮೊರಿಯ ತಪ್ಪನ್ನು ಆದ ಕ್ಷಣದಲ್ಲೇ ಹಿಡಿಯುತ್ತಾನೆ. 2025ರ ಮೇ ತಿಂಗಳಲ್ಲಿ ಒಬ್ಬ ಸಂಶೋಧಕರು ಎಐ ಮಾದರಿಯೊಂದರ ಸಹಾಯದಿಂದ ಲಿನಕ್ಸ್‌ನ ಕೆಎಸ್‌ಎಂಬಿಡಿ ಎಂಬ ಫೈಲ್ ಹಂಚಿಕೆಯ ಕೋಡ್‌ನಲ್ಲಿ ಹೊಸ ದೋಷವನ್ನೇ ಹುಡುಕಿ ತೋರಿಸಿದರು. ಕರ್ನಲ್ 6.1ರಿಂದ, ಅಂದರೆ 2022ರ ಡಿಸೆಂಬರ್‌ನಿಂದ, ರಸ್ಟ್ ಭಾಷೆಗೂ ಒಳಗೆ ಜಾಗ ಸಿಕ್ಕಿದೆ. ಹೊಸ ಡ್ರೈವರ್‌ಗಳಲ್ಲಿ ಮೇಲೆ ಹೇಳಿದಂಥ ಮೆಮೊರಿ ತಪ್ಪುಗಳನ್ನು ಇದು ಬಹಳ ಮಟ್ಟಿಗೆ ತಡೆಯುತ್ತದೆ. ಆದರೆ ಇರುವ ಹಳೆಯ ಕೋಡ್ ತಾನಾಗಿ ರಸ್ಟ್ ಆಗುವುದಿಲ್ಲ. ಮತ್ತು ಯಂತ್ರ ಹುಡುಕಿ ಕೊಟ್ಟ ದೋಷವನ್ನು ಯಾರೋ ಮನುಷ್ಯ ಕೂತು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಸರಿಪಡಿಸಬೇಕು, ಇನ್ನೊಬ್ಬ ಅದನ್ನು ಪರಿಶೀಲಿಸಬೇಕು. ಹುಡುಕುವ ಯಂತ್ರ ಕಳ್ಳನ ಕೈಯಲ್ಲೂ ಇದೆ, ನೆನಪಿರಲಿ. ಅವನಿಗೆ ಸರಿಪಡಿಸುವ ಹೊರೆ ಇಲ್ಲ. ಸರಿಪಡಿಸುವ ಕೈಗಳು ಎಲ್ಲಿವೆ?

ಕಾಲೇಜುಗಳಲ್ಲಿ ಇರಬೇಕಿತ್ತು. ನಮ್ಮ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಕೊನೆಯ ವರ್ಷದ ಪ್ರಾಜೆಕ್ಟ್ ಅಂತ ಇವತ್ತಿಗೂ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಕೊಂಡು ತರುತ್ತಾರೆ! ಅದರ ಬದಲು ನಾಲ್ಕು ಜನ ಸೇರಿ ಒಂದು ಪುಟ್ಟ ಡ್ರೈವರ್ ಎತ್ತಿಕೊಂಡು, ಅದರ ಪ್ರತಿ ತಪ್ಪಿನ ದಾರಿಯನ್ನೂ ಓಡಿಸಿ, ಒಂದೇ ಒಂದು ರಿಪೇರಿ ಕರ್ನಲ್‌ಗೆ ಸೇರಿಸಿದರೆ ಅದು ನೂರು ಲೈಬ್ರರಿ ಪ್ರಾಜೆಕ್ಟ್‌ಗಳಿಗೆ ಸಮ. ಸಿಝ್‌ಕಾಲರ್ ಬಳಗದವರು ಇನ್ನೂ ಸರಿಯಾಗದ ದೋಷಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ, ನೂರಾರಿವೆ. ಪ್ರಾಜೆಕ್ಟ್ ವಿಷಯ ಸಿಗಲಿಲ್ಲ ಅನ್ನುವ ನೆಪಕ್ಕೆ ಜಾಗವೇ ಇಲ್ಲ. ಕಂಪನಿಗಳು ಮಾಡಬೇಕಾದದ್ದು ಇನ್ನೂ ಸರಳ: ಅಪ್ರೈಸಲ್ ಹಾಳೆಯಲ್ಲಿ ಒಂದು ಸಾಲು ಸೇರಿಸಿ, ಈ ವರ್ಷ ಯಾವ ಹಳೆಯ ಕೋಡ್ ಓದಿದಿರಿ, ಯಾವುದನ್ನು ಕಿತ್ತುಹಾಕಿದಿರಿ ಅಂತ. ವಿತರಣೆ ಮಾಡುವವರು ಯಾರೂ ಬಳಸದ ಡ್ರೈವರ್ ಕೇಳಿದ ತಕ್ಷಣ ಎದ್ದುಬರುವ ಈ ಅತಿ ವಿನಯವನ್ನು ನಿಲ್ಲಿಸಲಿ. ಲಿನಕ್ಸ್‌ನವರು ಹಳೆಯ ಐಡಿಇ ಡ್ರೈವರ್‌ಗಳನ್ನು 2021ರಲ್ಲಿ 5.14ರ ಹೊತ್ತಿಗೆ ತೆಗೆದುಹಾಕಿದರು, ಆಕಾಶವೇನೂ ಕಳಚಿ ಬೀಳಲಿಲ್ಲ.

ನೀವು ಲಿನಕ್ಸ್ ಬಳಸುವವರಾದರೆ ಇವತ್ತು ರಾತ್ರಿ ಊಟ ಆದಮೇಲೆ ಟರ್ಮಿನಲ್ ತೆರೆದು ಎಲ್‌ಎಸ್‌ಮಾಡ್ ಅಂತ ಕೊಟ್ಟು ನೋಡಿ. ನಿಮ್ಮ ಯಂತ್ರದೊಳಗೆ ಯಾರ್ಯಾರು ಕೂತಿದ್ದಾರೆ ಅಂತ ಪಟ್ಟಿ ಬರುತ್ತದೆ. ಅದರಲ್ಲಿ ಒಂದು ಹೆಸರು ಆರಿಸಿ, ಅದರ ಸೋರ್ಸ್ ತೆಗೆದು, ಬರೀ ಒಂದು ಫಂಕ್ಷನ್ ಪೂರ್ತಿ ಓದಿ. ಅರ್ಥವಾಗದಿದ್ದರೂ ಪರವಾಗಿಲ್ಲ, ಕೊಳಕ್ಕೆ ಒಂದು ಚೊಂಬು ನಿಜವಾದ ಹಾಲು ಬಿದ್ದ ಹಾಗಾಯಿತು. ನನ್ನ ವಾದ ತಪ್ಪು ಅನ್ನಿಸಿದವರು ಧಾರಾಳವಾಗಿ ಜಗಳಕ್ಕೆ ಬನ್ನಿ. ಬರುವಾಗ ಒಂದು ಡ್ರೈವರ್ ಓದಿಕೊಂಡು ಬನ್ನಿ, ಅಷ್ಟೇ :-)